ಶಿಡ್ಲಘಟ್ಟದ ಹಳೇ ರೇಷ್ಮೆ ಮಿಲ್ಲಿನಲ್ಲಿ ಮುದ್ರೆ ಬೇಟೆ

ಶುಕ್ರವಾರ

ಶಿಡ್ಲಘಟ್ಟದಲ್ಲಿ ನನ್ನ ಗೆಳತಿಯ ಮನೆಯವರದ್ದೊಂದು ಹಳೇ ರೇಷ್ಮೆ ಮಿಲ್ಲಿದೆ. ನೇಯುವ ಮಿಲ್ಲಲ್ಲ, ಗೂಡಿನಿಂದ ನೂಲು ಬಿಚ್ಚುವ ಮಿಲ್ಲು. ಮನೆಯವರೆಲ್ಲ ಅದನ್ನು ಫಿಲೇಚರ್ ಅಂತಲೇ ಕರೆಯುತ್ತಾರೆ. ಬಾಯ್ಲರ್ ಆರಿ ಬಹಳ ವರ್ಷಗಳಾದವು. ಹೆಂಚಿನ ಮಾಡು, ಚಿಮಣಿ, ಗೂಡು ಹಾಕುವ ಬಿಸಿನೀರಿನ ಬೇಸಿನ್ನುಗಳ ಸಾಲು ಮಾತ್ರ ಹಾಗೇ ನಿಂತಿವೆ. ಈ ಜಾಗವನ್ನು ಮುಂದೆ ಏನು ಮಾಡುವುದು ಅಂತ ಮನೆಯಲ್ಲಿ ಮಾತು ನಡೆಯುತ್ತಿದೆ. ಅದು ಮುಗಿಯುವುದರೊಳಗೆ ಗೆಳತಿ ಒಂದು ಕೆಲಸ ಮಾಡಿದಳು. ಮಿಲ್ಲಿನ ಒಳಗೂ ಸುತ್ತಮುತ್ತಲೂ ಪುಟ್ಟ ಡಬ್ಬಿಗಳನ್ನು ಬಚ್ಚಿಟ್ಟು, ಒಂದೊಂದಕ್ಕೂ ಒಗಟಿನಂಥ ಸುಳಿವು ಬರೆದಳು. 'ಅವರೆಕಾಯಿ ಕಾಲಕ್ಕೆ ಬಂದುಬಿಡು, ಪುಟ್ಟೀನೂ ಕರ್ಕೊಂಡು ಬಾ' ಅಂತ ಫೋನ್ ಮಾಡಿದಳು. ಪುಟ್ಟಿ ಅಂದರೆ ನನ್ನ ಅಕ್ಕನ ಮಗಳು. ಎಂಟನೇ ಕ್ಲಾಸು. ಒಗಟು ಅಂದರೆ ಊಟ ಬಿಡುತ್ತಾಳೆ.

ಈ ಆಟಕ್ಕೆ ಲೆಟರ್‌ಬಾಕ್ಸಿಂಗ್ ಅನ್ನುತ್ತಾರೆ. ಹುಟ್ಟಿದ್ದು ಇಂಗ್ಲೆಂಡಿನ ಡೆವನ್ ಸೀಮೆಯ ಡಾರ್ಟ್‌ಮೂರ್‌ನಲ್ಲಿ. 1854ರಲ್ಲಿ ಜೇಮ್ಸ್ ಪೆರಟ್ ಎಂಬಾತ, ಜನರಿಗೆ ಅಲ್ಲಿನ ದಾರಿ ತೋರಿಸುವುದು ಅವನ ಕಸುಬು, ಕ್ರ್ಯಾನ್‌ಮಿಯರ್ ಪೂಲ್ ಅನ್ನುವ ದೂರದ ಜೌಗು ಜಾಗದಲ್ಲಿ ಒಂದು ಬಾಟಲಿ ಇಟ್ಟ. ಅಷ್ಟು ದೂರ ನಡೆದು ಹೋದವರು ತಮ್ಮ ಹೆಸರಿನ ಚೀಟಿಯನ್ನು ಅದರೊಳಗೆ ಹಾಕಿ ಬರುತ್ತಿದ್ದರು. ಮುಂದೆ ಜನ ವಿಳಾಸ ಬರೆದ ಕಾರ್ಡುಗಳನ್ನು ಅಲ್ಲಿ ಬಿಡತೊಡಗಿದರು. ಆಮೇಲೆ ಬಂದವರು ಅದನ್ನು ಎತ್ತಿಕೊಂಡು ಹೋಗಿ ಅಂಚೆಗೆ ಹಾಕುತ್ತಿದ್ದರು. ಈಗ ನೀರು ಹೋಗದ ಡಬ್ಬಿಯಲ್ಲಿ ಒಂದು ಪುಸ್ತಕ, ಒಂದು ರಬ್ಬರ್ ಮುದ್ರೆ ಇರುತ್ತದೆ. ಹುಡುಕುವವರ ಹತ್ತಿರವೂ ಒಂದು ಪುಸ್ತಕ, ತಮ್ಮದೇ ಒಂದು ಮುದ್ರೆ ಇರುತ್ತದೆ. ಡಬ್ಬಿ ಸಿಕ್ಕಿದರೆ ಅದರ ಮುದ್ರೆಯನ್ನು ನಮ್ಮ ಪುಸ್ತಕಕ್ಕೆ ಒತ್ತಿಕೊಳ್ಳುವುದು, ನಮ್ಮ ಮುದ್ರೆಯನ್ನು ಅದರ ಪುಸ್ತಕಕ್ಕೆ ಒತ್ತುವುದು, ಇದ್ದ ಹಾಗೇ ಮುಚ್ಚಿಟ್ಟು ಬರುವುದು. ಏನನ್ನೂ ಮನೆಗೆ ತರುವ ಹಾಗಿಲ್ಲ. ಅಮೆರಿಕದಲ್ಲಿ 1998ರಲ್ಲಿ ಸ್ಮಿತ್ಸೋನಿಯನ್ ಪತ್ರಿಕೆ ಈ ಬಗ್ಗೆ ಬರೆದ ಮೇಲೆ ಅಲ್ಲೂ ಹಬ್ಬಿತು. 2000ದಲ್ಲಿ ಜಿಪಿಎಸ್ ಹಿಡಿದು ಹುಡುಕುವ ಜಿಯೋಕ್ಯಾಶಿಂಗ್ ಶುರುವಾಯಿತು. ನನ್ನ ಮನಸ್ಸಿಗೆ ಒಪ್ಪುವುದು ಹಳೆಯದೇ. ಫೋನು ದಾರಿ ತೋರಿಸಿದರೆ ಕಣ್ಣು ಪರದೆ ಬಿಟ್ಟು ಮೇಲೇಳುವುದಿಲ್ಲ. ಕಾಗದದ ಸುಳಿವು ಕೈಯಲ್ಲಿದ್ದರೆ ಗೋಡೆ, ಕಂಬ, ಮಾಡು ಎಲ್ಲವನ್ನೂ ನೋಡಲೇಬೇಕು.

ತಿಪಟೂರಿನಿಂದ ಯಶವಂತಪುರಕ್ಕೆ ಬಂದು, ಅಲ್ಲಿಂದ ಚಿಕ್ಕಬಳ್ಳಾಪುರದ ಕಡೆ ಹೋಗುವ ರೈಲು ಹಿಡಿದೆವು. ದೇವನಹಳ್ಳಿ ದಾಟಿದ ಮೇಲೆ ದ್ರಾಕ್ಷಿ ಚಪ್ಪರಗಳು ಶುರು. ನಂದಿ ಹಾಲ್ಟ್ ಬಂದಾಗ ಪುಟ್ಟಿ ಕಿಟಕಿಗೆ ಅಂಟಿಕೊಂಡಳು. ನೂರು ವರ್ಷ ದಾಟಿದ ಕಲ್ಲಿನ ಸ್ಟೇಷನ್ನು, ಹಿಂದೆ ನಂದಿಬೆಟ್ಟ. ಚಿಕ್ಕಬಳ್ಳಾಪುರದಿಂದ ಕೋಲಾರದ ಕಡೆಗೆ ಮೊದಲು ನ್ಯಾರೋ ಗೇಜ್ ರೈಲು ಓಡುತ್ತಿತ್ತು. 2013ರಲ್ಲಿ ಅದು ಬ್ರಾಡ್ ಗೇಜ್ ಆಯಿತು. ಶಿಡ್ಲಘಟ್ಟ ಸ್ಟೇಷನ್ನಿನಲ್ಲಿ ಇಳಿದಾಗ ಮಧ್ಯಾಹ್ನ. ಗೆಳತಿ ಸ್ಕೂಟರ್ ತಂದಿದ್ದಳು. ಮನೆಗೆ ಹೋದ ತಕ್ಷಣ ಹಿತಕಿದ ಬೇಳೆ ಸಾರು, ಮುದ್ದೆ. ಆ ವಾಸನೆಗೇ ಪ್ರಯಾಣದ ಸುಸ್ತು ಹೋಯಿತು.

ಸಂಜೆಯೆಲ್ಲ ಮುದ್ರೆ ಕೊರೆಯುವ ಕೆಲಸ. ಅಂಗಡಿಯಲ್ಲಿ ಸಿಗುವ ಮುದ್ರೆ ಒತ್ತಿದರೂ ನಡೆಯುತ್ತದೆ, ಆದರೆ ಕೈಯಾರೆ ಕೊರೆದದ್ದಕ್ಕೇ ಈ ಆಟದಲ್ಲಿ ಮರ್ಯಾದೆ. ಬೇಕಾದದ್ದು ಸ್ಕೂಲ್ ಮಕ್ಕಳ ದೊಡ್ಡ ಬಿಳಿ ರಬ್ಬರ್, ಪೆನ್ಸಿಲ್, ಹೊಸ ಬ್ಲೇಡಿನ ಕಟರ್. ಮೊದಲು ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ದಪ್ಪಗೆ ಚಿತ್ರ ಬರೆಯಬೇಕು. ಕಾಗದವನ್ನು ರಬ್ಬರಿನ ಮೇಲೆ ಬೋರಲು ಹಾಕಿ ಉಗುರಿನಿಂದ ಉಜ್ಜಿದರೆ ಚಿತ್ರ ತಿರುಗುಮುರುಗಾಗಿ ಇಳಿಯುತ್ತದೆ. ಗೆರೆ ಬಿಟ್ಟು ಉಳಿದದ್ದನ್ನು ಕೊರೆದು ತೆಗೆಯಬೇಕು. ಬ್ಲೇಡನ್ನು ಗೆರೆಯಿಂದ ಆಚೆಗೆ ವಾಲಿಸಿ ಹಿಡಿಯಬೇಕು. ಒಳಕ್ಕೆ ವಾಲಿಸಿದರೆ ಗೆರೆಯ ಬುಡ ಸವೆದು, ನಾಲ್ಕು ಸಲ ಒತ್ತುವಷ್ಟರಲ್ಲಿ ಹರಿದು ಬರುತ್ತದೆ. ನಾನು ತಿಪಟೂರು ಕಡೆಯವಳು, ತೆಂಗಿನಕಾಯಿ ಕೊರೆದೆ. ಪುಟ್ಟಿ ಗುಬ್ಬಚ್ಚಿ ಕೊರೆದಳು. ಅದರ ಕೆಳಗೆ ತನ್ನ ಹೆಸರಿನ ಮೊದಲ ಅಕ್ಷರ ಬೇಕೇ ಬೇಕು ಅಂದಳು. ಕನ್ನಡ ಅಕ್ಷರದ ದುಂಡನ್ನು ತಿರುಗಿಸಿ ಕೊರೆಯುವುದು ಸುಲಭವಲ್ಲ. ನಾಲಿಗೆ ಕಚ್ಚಿಕೊಂಡು ಕೂತು, ಊಟಕ್ಕೆ ಕರೆದರೂ ಏಳದೆ ಮುಗಿಸಿದಳು.

ಶನಿವಾರ

ಬೆಳಿಗ್ಗೆ ಗೆಳತಿ ನಮ್ಮನ್ನು ನೇರ ಮಿಲ್ಲಿಗೆ ಕರೆದುಕೊಂಡು ಹೋಗಲಿಲ್ಲ. 'ಗೂಡು ನೋಡದೆ ಸುಳಿವು ಬಿಡಿಸಕ್ಕೆ ಆಗಲ್ಲ' ಅಂದು ಗೂಡಿನ ಮಾರುಕಟ್ಟೆಗೆ ಕರೆದೊಯ್ದಳು. ಶಿಡ್ಲಘಟ್ಟದ ಮಾರುಕಟ್ಟೆ ನಮ್ಮ ದೇಶದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದು. ಆಂಧ್ರದ ರೈತರೂ ಇಲ್ಲಿಗೆ ಗೂಡು ತರುತ್ತಾರೆ. ಒಂದು ಕಡೆ ಕನ್ನಡ, ಒಂದು ಕಡೆ ತೆಲುಗು, ಇನ್ನೊಂದು ಕಡೆ ಉರ್ದು. ಒಬ್ಬನೇ ಮನುಷ್ಯ ಒಂದೇ ಉಸಿರಿನಲ್ಲಿ ಮೂರೂ ಮಾತಾಡುವುದನ್ನು ಅಲ್ಲೇ ಕೇಳಬೇಕು. ಹರಾಜು ಈಗ ಮೊಬೈಲಿನಲ್ಲಿ ನಡೆಯುತ್ತದೆ. ಆದರೆ ಗೂಡನ್ನು ಅಳೆಯುವುದು ಈಗಲೂ ಕೈಯೇ.

ಗೂಡು ಕೊಂಡು ನೂಲು ಬಿಚ್ಚಿಸುವ ಒಬ್ಬ ರೀಲರ್ ಒಂದು ಲಾಟಿನ, ಅಂದರೆ ಮಾರಾಟಕ್ಕಿಟ್ಟ ಗೂಡಿನ ರಾಶಿಯ, ಮುಂದೆ ನಿಂತರು. ಮೇಲಿನ ಗೂಡು ಮುಟ್ಟಲಿಲ್ಲ. ಮೊಣಕೈವರೆಗೆ ಕೈ ಇಳಿಸಿ ಅಡಿಯಿಂದ ಒಂದು ಹಿಡಿ ತೆಗೆದರು. ಎರಡು ಬೆರಳಿನಲ್ಲಿ ಒಂದನ್ನು ಅದುಮಿದರು. ಗಟ್ಟಿಯಿದ್ದರೆ ನೂಲು ಜಾಸ್ತಿ. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. 'ಕೇಳಮ್ಮ' ಅಂತ ಪುಟ್ಟಿಯ ಕಿವಿಗೂ ಹಿಡಿದರು. ಒಳಗೆ ಹುಳ ಪೊರೆ ಕಳಚಿ ಪ್ಯೂಪಾ ಆಗಿದ್ದರೆ ಲೊಟ ಲೊಟ ಅನ್ನುತ್ತದೆ. ಇನ್ನೂ ಆಗಿಲ್ಲದಿದ್ದರೆ ಸದ್ದಿಲ್ಲ. ಕಲೆ ಬಿದ್ದದ್ದು, ಎರಡು ಹುಳ ಸೇರಿ ಕಟ್ಟಿದ ಡಬಲ್ ಗೂಡು, ತೆಳುವಾದದ್ದು ಎಷ್ಟಿದೆ ಅಂತ ಕಣ್ಣಲ್ಲೇ ಲೆಕ್ಕ ಹಾಕಿ ಮುಂದೆ ಹೋದರು. ಎಷ್ಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಬರುತ್ತದೆ ಅನ್ನುವುದಕ್ಕೆ ಅವರ ಲೆಕ್ಕದಲ್ಲಿ ರೆಂಡಿಟ್ಟಾ ಅನ್ನುತ್ತಾರೆ. ಏಳು ಕಿಲೋ ಆಸುಪಾಸಿಗೆ ಒಂದು ಕಿಲೋ ಬಂದರೆ ಮಿಶ್ರತಳಿ, ಅಂದರೆ ಎರಡು ತಳಿ ಬೆರೆಸಿದ ಹುಳದ, ಗೂಡಿನವರಿಗೆ ಸಮಾಧಾನ. ಒಂದು ಮಿಶ್ರತಳಿ ಗೂಡಿನಲ್ಲಿ 600ರಿಂದ 800 ಮೀಟರ್ ಎಳೆ ಇರುತ್ತದೆ. ವರ್ಷಕ್ಕೆ ಎರಡು ಪೀಳಿಗೆ ಆಗುವ ಹುಳದ ಒಳ್ಳೆಯ ದ್ವಿತಳಿ ಗೂಡಾದರೆ 1000 ಮೀಟರ್ ದಾಟುತ್ತದೆ. ಎಲ್ಲೂ ಗಂಟಿಲ್ಲದ ಒಂದೇ ಎಳೆ.

ಮಿಲ್ಲಿಗೆ ಹೋದಾಗ ಬಿಸಿಲು ಏರಿತ್ತು. ಕಲ್ಲು ಚಪ್ಪಡಿಯ ಬೇಲಿ, ಕಬ್ಬಿಣದ ಗೇಟು. ಗೇಟಿನ ಪಕ್ಕ ಗೆಳತಿ ಒಂದು ರಟ್ಟು ಕಟ್ಟಿದ್ದಳು. 'ಇಲ್ಲಿ ಮಕ್ಕಳ ಆಟದ ಡಬ್ಬಿಗಳಿವೆ, ಗಾಬರಿ ಬೇಡ' ಅಂತ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬರೆದಿತ್ತು. ಡಬ್ಬಿಗಳ ಮೇಲೂ ಅದೇ ಬರಹ. ಇದು ತುಂಬ ಮುಖ್ಯ. ನಮ್ಮ ಊರುಗಳಲ್ಲಿ ವಾರಸುದಾರರಿಲ್ಲದ ಡಬ್ಬಿ ಕಂಡರೆ ಜನ ಹೆದರುತ್ತಾರೆ, ಹೆದರಬೇಕಾದದ್ದೇ. ಯಾರ ಜಾಗವೋ ಅವರ ಒಪ್ಪಿಗೆ ಇಲ್ಲದೆ ಈ ಆಟ ಆಡಲೇಬಾರದು. ಇನ್ನೊಂದು, ಕೈಯಲ್ಲಿ ಕೋಲು ಇರಬೇಕು. ಹಳೇ ಕಟ್ಟಡದ ಸಂದಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಬೇಕು. ಹಾವು, ಚೇಳು ಇರುವ ಸೀಮೆ ಇದು. ಪುಟ್ಟಿಗೆ ಇದನ್ನು ಮೊದಲೇ ಹೇಳಿ, ಅವಳ ಬಾಯಿಂದಲೂ ಹೇಳಿಸಿದೆ.

ಗೆಳತಿ ಮೊದಲ ಸುಳಿವು ಕೈಗಿಟ್ಟು ಹೊರಗೆ ಮೆಟ್ಟಿಲ ಮೇಲೆ ಕೂತಳು.

'ಮಳೆಗೆ ಬೆನ್ನು, ನಮಗೆ ಹೊಟ್ಟೆ,
ಹೊಟ್ಟೆ ಮೇಲೆ ಊರು ಬರೆದುಕೊಂಡ ಸಾಲು ಮಂದಿ.
ಇಸವಿಯ ಕೊನೇ ಅಂಕಿಯಷ್ಟು ಹೆಜ್ಜೆ
ತಕ್ಕಡಿ ಕಂಬದಿಂದ ಪಡುವಣಕ್ಕೆ.'

ಗೂಡು ತೂಗುತ್ತಿದ್ದ ಕೋಣೆ ಸಿಕ್ಕಿತು, ಕಂಬದಲ್ಲಿ ತಕ್ಕಡಿ ನೇತು ಹಾಕುವ ಕೊಂಡಿಯೂ ಇತ್ತು. ಸಾಲು ಮಂದಿ ಯಾರು? ಗೋಡೆಯಲ್ಲಿ ಏನೂ ಇಲ್ಲ. ಪುಟ್ಟಿ ನೆಲದ ಮೇಲೆ ಅಂಗಾತ ಮಲಗಿಬಿಟ್ಟಳು. 'ಚಿಕ್ಕಮ್ಮ, ಮೇಲೆ ನೋಡಿ' ಅಂದಳು. ಹೆಂಚು! ಮಂಗಳೂರು ಹೆಂಚಿನ ಒಳಮೈಯಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರ. ಬಾಸೆಲ್ ಮಿಷನ್ ಟೈಲ್ ವರ್ಕ್ಸ್, ಮಂಗಳೂರು, 1865. ಒಂದರಲ್ಲಲ್ಲ, ಸಾಲಿಗೆ ಸಾಲು. ಮಿಲ್ಲು ಅಷ್ಟು ಹಳೆಯದಲ್ಲ. 1865 ಅನ್ನುವುದು ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆಮೇಲೆ ಮಾಡಿದ ಹೆಂಚಿಗೂ ಅದೇ ಇಸವಿ ಒತ್ತುತ್ತಿದ್ದರು. ಪಶ್ಚಿಮ ಘಟ್ಟ ಹತ್ತಿ ಇಳಿದು ಬಂದ ಹೆಂಚು ಶಿಡ್ಲಘಟ್ಟದ ರೇಷ್ಮೆಗೆ ನೆರಳು ಕೊಟ್ಟಿತ್ತು. ಎಷ್ಟು ಹಳೇ ಮನೆಗಳಲ್ಲಿ ಮಲಗೆದ್ದಿದ್ದೇವೆ, ಹೆಂಚಿನ ಹೊಟ್ಟೆ ಓದಿದವರು ಎಷ್ಟು ಜನ? ದಿಕ್ಸೂಚಿ ಹಿಡಿದು ಪಡುವಣಕ್ಕೆ ಐದು ಹೆಜ್ಜೆ ಹಾಕಿದೆವು. ದೀಪ ಇಡುವ ಗೋಡೆಗೂಡು. ಅದರೊಳಗೆ ಇಟ್ಟಿಗೆ ಚೂರಿನ ಹಿಂದೆ ಡಬ್ಬಿ. ಮುದ್ರೆಯಲ್ಲಿ ಒಂದು ರೇಷ್ಮೆಗೂಡು, ಮೇಲೆ ಗೀಚಿದಂತೆ ಎಳೆಗಳು. ಗುಬ್ಬಚ್ಚಿಯೂ ತೆಂಗಿನಕಾಯಿಯೂ ಡಬ್ಬಿಯ ಪುಸ್ತಕದಲ್ಲಿ ಅಕ್ಕಪಕ್ಕ ಕೂತವು.

ಎರಡನೆಯ ಸುಳಿವು ಓದಿ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು.

'ಬೆಂಕಿ ಮುಟ್ಟಲಿಲ್ಲ, ನೀರು ಮುಟ್ಟಲಿಲ್ಲ,
ಒಳಗಿದ್ದವರು ಮಾತ್ರ ಎದ್ದು ಬರಲಿಲ್ಲ.
ಆ ಕೋಣೆಗೆ ಬಾಗಿಲೊಂದೇ, ಕಿಟಕಿಯಿಲ್ಲ.
ಎಡಗೈ ಗೋಡೆಗಿಟ್ಟು ನಡೆ, ಬೆರಳು ಬಿದ್ದಲ್ಲಿ ನಿಲ್ಲು.'

ಹಬೆ ಕೋಣೆ. ಗೂಡಿನೊಳಗಿನ ಪ್ಯೂಪಾ ಹಾಗೇ ಬಿಟ್ಟರೆ ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಗೆ ಬರುತ್ತದೆ. ತೂತಾದರೆ ಆ ಒಂದೇ ಎಳೆ ತುಂಡು ತುಂಡು. ಅದಕ್ಕೇ ಗೂಡು ಬಂದ ಕೂಡಲೇ ಬಾಯ್ಲರಿನ ಹಬೆ ಬಿಟ್ಟು ಒಳಗಿನ ಜೀವವನ್ನು ಕೊಲ್ಲುತ್ತಾರೆ. ಆಮೇಲೆ ತಟ್ಟೆಗಳಲ್ಲಿ ಹರಡಿ ಆರಿಸುತ್ತಾರೆ. ಪುಟ್ಟಿಗೆ ಇದು ಗೊತ್ತಿರಲಿಲ್ಲ. 'ಎಲ್ಲಾನೂ ಸಾಯಿಸ್ತಾರಾ?' ಅಂತ ಕೇಳಿದಳು. ಹೌದು ಅಂದೆ. ಮದುವೆ ಸೀರೆಯ ಹಿಂದೆ ಇದೂ ಇದೆ ಅನ್ನುವುದನ್ನು ಮಕ್ಕಳಿಂದ ಮುಚ್ಚಿಡಬಾರದು ಅನ್ನುವುದು ನನ್ನ ಅಭಿಪ್ರಾಯ. ಗೆಳತಿಯೂ ಮುಚ್ಚಿಟ್ಟಿಲ್ಲ. ಕತ್ತಲೆಯ ಕೋಣೆಯಲ್ಲಿ ಎಡಗೈ ಗೋಡೆ ಸವರುತ್ತಾ ನಡೆದಳು ಪುಟ್ಟಿ. ಹಬೆಯ ಪೈಪು ಬರುತ್ತಿದ್ದ ತೂತಿನಲ್ಲಿ ಬೆರಳು ಬಿತ್ತು. ಟಾರ್ಚು ಬಿಟ್ಟು, ಕೋಲು ತಟ್ಟಿ, ಮಾತ್ರೆ ಡಬ್ಬಿಯಷ್ಟು ಸಣ್ಣ ಡಬ್ಬಿ ಹೊರಗೆ ತೆಗೆದೆವು. ಅದರ ಮುದ್ರೆಯಲ್ಲಿ ರೆಕ್ಕೆ ಪೂರ್ತಿ ಬಿಚ್ಚಿದ ರೇಷ್ಮೆ ಚಿಟ್ಟೆ. ಮೀಸೆಯ ಒಂದೊಂದು ಕೂದಲೂ ಕೊರೆದಿದ್ದಳು. ಪುಟ್ಟಿ ಅದನ್ನು ತನ್ನ ಪುಸ್ತಕದಲ್ಲಿ ಒಂದು ಇಡೀ ಹಾಳೆಯ ನಡುವೆ ಒತ್ತಿಕೊಂಡಳು. ಪಕ್ಕದಲ್ಲಿ ಬೇರೇನೂ ಬೇಡ ಅಂದಳು.

ಮೂರನೆಯದು ಕಷ್ಟದ್ದು.

'ಹತ್ತು ಮನೆ ಬಿಚ್ಚಿ ಒಂದು ದಾರ ಎಳೆದರು.
ದಾರ ತನ್ನನ್ನೇ ತಬ್ಬಿಕೊಂಡು ನೀರು ಹಿಂಡಿತು.
ತಬ್ಬಿದ ಜಾಗದ ಕೆಳಗೆ ನೋಡು.
ಬಾಗಿಲಿಂದ ಎಣಿಸು, ವಾರಕ್ಕೊಂದು ಕಡಿಮೆ.'

ವಾರಕ್ಕೊಂದು ಕಡಿಮೆ ಅಂದರೆ ಆರು. ಆರನೇ ಬೇಸಿನ್. ಅಷ್ಟು ಬೇಗ ಬಿಡಿಸಿದೆವು. ಆದರೆ ದಾರ ತನ್ನನ್ನೇ ತಬ್ಬಿಕೊಳ್ಳುವುದು ಎಲ್ಲಿ? ಬೇಸಿನ್ನಿನ ಮೇಲೆ ತುಕ್ಕು ಹಿಡಿದ ಕಂಬಿ, ಕೆಲವು ಸಣ್ಣ ಗಾಲಿ, ಬಿಳಿ ಪಿಂಗಾಣಿಯ ಬಟನ್ನುಗಳು. ದಾರವಿಲ್ಲದ ಯಂತ್ರ ನೋಡಿದರೆ ಏನೂ ತಿಳಿಯುವುದಿಲ್ಲ. ಗೆಳತಿ ಒಳಗೆ ಬಂದು, 'ಇದಕ್ಕೆ ಓಡ್ತಿರೋ ಯಂತ್ರ ನೋಡಬೇಕು, ಬನ್ನಿ' ಅಂದಳು. ಎರಡು ಬೀದಿ ಆಚೆ ಅವರ ನೆಂಟರ ರೀಲಿಂಗ್ ಶೆಡ್ಡು ನಡೆಯುತ್ತಿದೆ. ಮಧ್ಯಾಹ್ನ ಅಲ್ಲೇ ಕಳೆದೆವು.

ಶೆಡ್ಡಿನ ಬಾಗಿಲಲ್ಲೇ ಬೆಂದ ಪ್ಯೂಪಾದ ವಾಸನೆ ಮೂಗಿಗೆ ಹೊಡೆಯುತ್ತದೆ. ಮೊದಲ ಸಲಕ್ಕೆ ಕಷ್ಟ. ಅರ್ಧ ಗಂಟೆಯಲ್ಲಿ ಮೂಗು ಒಪ್ಪಿಕೊಳ್ಳುತ್ತದೆ. ಬಿಸಿನೀರಿನಲ್ಲಿ ಗೂಡು ಬೆಂದಾಗ ಎಳೆಯನ್ನು ಹಿಡಿದಿಟ್ಟ ಅಂಟು ಮೆತ್ತಗಾಗುತ್ತದೆ. ಅದರ ಹೆಸರು ಸೆರಿಸಿನ್. ಬ್ರಷ್ ಆಡಿಸಿದರೆ ಹೊರಗಿನ ಸಿಕ್ಕು ಎಳೆಯೆಲ್ಲ ಎದ್ದು ಬರುತ್ತದೆ. ಅದನ್ನು ಕಿತ್ತು ಬಿಟ್ಟ ಮೇಲೆ ಗೂಡಿನ ನಿಜವಾದ ತುದಿ ಸಿಗುತ್ತದೆ. ಎಂಟೋ ಹತ್ತೋ ಗೂಡಿನ ತುದಿಗಳನ್ನು ಒಟ್ಟಿಗೆ ಬಟನ್ನಿನ ತೂತಿನಲ್ಲಿ ಪೋಣಿಸಿ ಮೇಲಕ್ಕೆ ಎಳೆಯುತ್ತಾರೆ. ದಾರ ಮೇಲಿನ ಗಾಲಿ ಸುತ್ತಿ ಕೆಳಗಿಳಿದು, ಕೆಳಗಿನ ಗಾಲಿ ಸುತ್ತಿ ಮತ್ತೆ ಮೇಲೇರುವಾಗ ತನ್ನ ಮೈಗೇ ತಾನು ಸುತ್ತಿಕೊಳ್ಳುತ್ತದೆ. ನಾವು ಹುಡುಕುತ್ತಿದ್ದ ಅಪ್ಪುಗೆ ಇದೇ. ಆ ಸುತ್ತಿನಲ್ಲಿ ಹತ್ತು ಎಳೆಯೂ ಒತ್ತಿಕೊಂಡು ಒಂದೇ ದುಂಡನೆ ದಾರವಾಗುತ್ತದೆ, ಅದರಲ್ಲಿದ್ದ ನೀರು ಸಣ್ಣ ತುಂತುರಾಗಿ ಸಿಡಿಯುತ್ತದೆ. ಕಿಟಕಿಯ ಬಿಸಿಲಿಗೆ ಆ ತುಂತುರು ಕಂಡಾಗ ಪುಟ್ಟಿ ನನ್ನ ಕೈ ಹಿಡಿದು ಎಳೆದಳು. ಗೂಡುಗಳು ನೀರಿನಲ್ಲಿ ಸಣ್ಣಗೆ ಕುಣಿಯುತ್ತಾ ತೆಳುವಾಗುತ್ತಾ ಹೋಗುತ್ತವೆ. ಕೊನೆಗೆ ಕಂದು ಬಣ್ಣದ ಪ್ಯೂಪಾ ಕಾಣಿಸುತ್ತದೆ. ಒಂದು ಗೂಡು ಮುಗಿಯುತ್ತಿದ್ದ ಹಾಗೇ ಕೆಲಸದ ಹೆಂಗಸು ಇನ್ನೊಂದು ಗೂಡಿನ ತುದಿಯನ್ನು ಓಡುವ ದಾರಕ್ಕೆ ಎಸೆಯುತ್ತಾಳೆ. ಅದು ಅಂಟಿಕೊಂಡು ಹೊರಟೇ ಹೋಗುತ್ತದೆ. ಯಂತ್ರ ನಿಲ್ಲುವುದಿಲ್ಲ. ಆ ಕೈ ನನಗೆ ಕಣ್ಣಿಗೆ ಕಾಣಲೇ ಇಲ್ಲ.

ಇಲ್ಲಿಂದ ಹೊರಟ ನೂಲು ಕಂಚಿಗೆ, ಧರ್ಮಾವರಕ್ಕೆ, ಬನಾರಸಿಗೆ ಹೋಗುತ್ತದೆ. ಸೀರೆಗೆ ಆ ಊರುಗಳ ಹೆಸರು ಸಿಗುತ್ತದೆ. ಶಿಡ್ಲಘಟ್ಟ ಸೀರೆ ಅಂತ ಯಾರೂ ಕೇಳಿಲ್ಲ. ಇದು ನನಗೆ ಯಾವಾಗಲೂ ಅನ್ಯಾಯ ಅನಿಸುತ್ತದೆ. ನೇಕಾರನಿಗೆ ಸಿಗುವ ಮರ್ಯಾದೆಯಲ್ಲಿ ಒಂದು ಪಾಲು ಬಿಸಿನೀರಿಗೆ ಕೈ ಹಾಕಿದವರಿಗೂ ಸಿಗಬೇಕಲ್ವಾ?

ಸಂಜೆ ಮಿಲ್ಲಿಗೆ ವಾಪಸ್. ಆರನೇ ಬೇಸಿನ್, ಕೆಳಗಿನ ಗಾಲಿಗೆ ನೇರ ಕೆಳಗೆ ನೀರು ಹರಿಯುವ ಕಲ್ಲಿನ ಮೋರಿ, ಅದರ ಮುಚ್ಚಳದಡಿ ಡಬ್ಬಿ. ಮುದ್ರೆಯಲ್ಲಿ ಒಂದಕ್ಕೊಂದು ಸುತ್ತಿಕೊಂಡ ದಾರ. ಬೆಳಿಗ್ಗೆ ಈ ಚಿತ್ರ ಸಿಕ್ಕಿದ್ದರೆ ಹಗ್ಗ ಅಂದುಕೊಳ್ಳುತ್ತಿದ್ದೆವು.

ರಾತ್ರಿ ಊಟದ ಹೊತ್ತಿಗೆ ಗೆಳತಿಯ ತಂದೆ ಹಳೇ ಮಾತು ತೆಗೆದರು. ಟಿಪ್ಪು ಕಾಲದಲ್ಲಿ ಮೈಸೂರು ಸೀಮೆಗೆ ರೇಷ್ಮೆ ಬಂದದ್ದು, ಜಮ್ಷೆಡ್‌ಜಿ ಟಾಟಾ ಜಪಾನಿನವರನ್ನು ಕರೆಸಿ ಬೆಂಗಳೂರಿನಲ್ಲಿ ಸಿಲ್ಕ್ ಫಾರ್ಮ್ ಮಾಡಿದ್ದು, ನಾಲ್ವಡಿಯವರು 1912ರಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯುವ ಕಾರ್ಖಾನೆ ಶುರು ಮಾಡಿದ್ದು. ತಮ್ಮ ಮಿಲ್ಲು ಯಾಕೆ ನಿಂತಿತು ಅಂದರೆ ಅವರ ಉತ್ತರ ಚಿಕ್ಕದು. ಬಾಯ್ಲರಿಗೆ ಸೌದೆ ದುಬಾರಿಯಾಯಿತು, ಹೊಸ ಯಂತ್ರಕ್ಕೆ ಬಂಡವಾಳ ಇರಲಿಲ್ಲ, ಚೀನಾ ನೂಲು ಬಂದು ರೇಟು ಬಿದ್ದಾಗ ಸಾಲ ಮಾಡಲು ಧೈರ್ಯ ಬರಲಿಲ್ಲ. 'ಆಳುಗಳಿಗೆ ಬಾಕಿ ಇಡಲಿಲ್ಲಮ್ಮ, ಅದೊಂದು ನೆಮ್ಮದಿ' ಅಂದರು.

ಭಾನುವಾರ

ಕೊನೇ ಸುಳಿವಿನಲ್ಲಿ ಹೆಜ್ಜೆಯೂ ಇರಲಿಲ್ಲ, ದಿಕ್ಕೂ ಇರಲಿಲ್ಲ.

'ಬಿಸಿಯ ಪಕ್ಕ ಒಂದು ತಂಪು ಇರುತ್ತಿತ್ತು.
ಮಿಲ್ಲಿನಲ್ಲಿ ಈಗ ಅದಿಲ್ಲ.
ಅದು ಯಾವುದು ಅಂತ ತಿಳಿದವರ ಮನೆಯಲ್ಲಿದೆ.
ಹೋಗಿ ಬಾಯಿಬಿಟ್ಟು ಕೇಳು.'

ಪುಟ್ಟಿ ಬೇಸಿನ್ ಸಾಲಿನಲ್ಲಿ ಮತ್ತೆ ಓಡಾಡಿದಳು. ಪ್ರತಿ ಬೇಸಿನ್ನಿನ ಬಲಗಡೆ ಸಿಮೆಂಟಿನಲ್ಲಿ ಒಂದು ದುಂಡನೆ ಗುಂಡಿ ಇದೆ, ಬಟ್ಟಲು ಕೂರುವಷ್ಟು. ಯಾವುದರಲ್ಲೂ ಬಟ್ಟಲಿಲ್ಲ. ಬಿಸಿನೀರಿನ ಪಕ್ಕ ತಣ್ಣೀರು! ಯಾಕೆ ಅಂತ ನಿನ್ನೆ ಶೆಡ್ಡಿನಲ್ಲೇ ನೋಡಿದ್ದೆವು. ಕುದಿವ ನೀರಿಗೆ ಬೆರಳು ಹಾಕುವವರು ಮಧ್ಯೆ ಮಧ್ಯೆ ತಣ್ಣೀರಿಗೆ ಅದ್ದುತ್ತಿದ್ದರು. ಇನ್ನು ತಿಳಿದವರು ಯಾರು? ಗೆಳತಿಯ ತಾಯಿ ನಗುತ್ತಾ, ಮಿಲ್ಲಿನ ಹಿಂದಿನ ಓಣಿ ತೋರಿಸಿದರು. ಅಲ್ಲಿ ಈ ಮಿಲ್ಲಿನಲ್ಲೇ ಕೂದಲು ಹಣ್ಣಾಗುವವರೆಗೆ ಕೆಲಸ ಮಾಡಿದ ಒಬ್ಬ ಅಜ್ಜಿ ಇದ್ದಾರೆ.

ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಪಕ್ಕದಲ್ಲಿ ಅಂಚು ಸಿಡಿದ ಪಿಂಗಾಣಿ ಲೇಪದ ಬಟ್ಟಲು, ಸುಲಿದ ಕಾಳು ಅದರಲ್ಲೇ ಬೀಳುತ್ತಿತ್ತು. ಪುಟ್ಟಿ ಹತ್ತಿರ ಹೋಗಿ, 'ಅಜ್ಜಿ, ಇದು ಮಿಲ್ಲಿಂದಾ? ಇದರಲ್ಲಿ ತಣ್ಣೀರು ಇಟ್ಕೊತಿದ್ರಾ?' ಅಂತ ಕೇಳಿದಳು.

'ಬಂದ್ಯಾ ತಾಯಿ. ಯಾವಾಗ ಬತ್ತೀಯೋ ಅಂತ ಕಾಯ್ತಿದ್ದೆ' ಅಂದರು ಅಜ್ಜಿ. ಸೆರಗಿನ ಗಂಟು ಬಿಚ್ಚಿ ಒಂದು ಮುದ್ರೆ ಹೊರಗೆ ತೆಗೆದರು.

ಈ ಆಟದಲ್ಲಿ ಹೀಗೂ ಉಂಟು. ಮುದ್ರೆ ಮನುಷ್ಯರ ಹತ್ತಿರವೇ ಇರುತ್ತದೆ, ಸರಿಯಾದದ್ದನ್ನು ಕೇಳಿದವರಿಗೆ ಮಾತ್ರ ಕೊಡುತ್ತಾರೆ. ಓದಿ ಗೊತ್ತಿತ್ತು, ಎದುರಿಗೆ ಕಂಡದ್ದು ಈಗಲೇ. ಮುದ್ರೆಯಲ್ಲಿ ಒಂದು ಅಂಗೈ. ಗೆಳತಿ ಅಜ್ಜಿಯ ಕೈಯನ್ನೇ ನೋಡಿ ಕೊರೆದದ್ದು. ಅಜ್ಜಿ ತಾವೇ ಇಂಕ್ ಪ್ಯಾಡಿಗೆ ಅದ್ದಿ, ಪುಟ್ಟಿಯ ಪುಸ್ತಕಕ್ಕೆ ಬಲವಾಗಿ ಒತ್ತಿದರು.

ಆಮೇಲೆ ಎದ್ದು ಒಲೆ ಹತ್ತಿಸಿದರು. ಪಾತ್ರೆಯಲ್ಲಿ ನೀರು ಕಾಯಿಸಿ, ಗೆಳತಿ ತಂದುಕೊಟ್ಟಿದ್ದ ಒಂದು ಹಿಡಿ ಗೂಡು ಹಾಕಿದರು. ಒಂದು ಕಡ್ಡಿಯಿಂದ ಮೆಲ್ಲಗೆ ಅದುಮಿ ಅದುಮಿ ತಿರುವಿದರು. ಎದ್ದ ಸಿಕ್ಕನ್ನು ಕೈಗೆ ಸುತ್ತಿ ಎಳೆದು ಪಕ್ಕಕ್ಕೆ ಹಾಕಿದರು. 'ಈಗ ನೋಡು' ಅಂದು ನೀರಿಗೆ ಬೆರಳಿಟ್ಟು ಮೇಲೆತ್ತಿದರು. ಬೆರಳಿನಿಂದ ನೀರಿನವರೆಗೆ ಏನೂ ಕಾಣಲಿಲ್ಲ. ಬೆಳಕಿಗೆ ವಾಲಿಸಿದ ಮೇಲೆ ಒಂದು ಎಳೆ ಹೊಳೆಯಿತು. ಗೂಡು ನೀರಿನಲ್ಲಿ ಗಿರಗಿರ ತಿರುಗುತ್ತಿತ್ತು. ಪುಟ್ಟಿ ಎಳೆ ಹಿಡಿಯಲು ಹೋದಳು, ಹರಿಯಿತು. ಅಜ್ಜಿ ಅವಳ ಬೆರಳನ್ನು ತಮ್ಮ ಬೆರಳಿನ ಮೇಲೆ ಇರಿಸಿಕೊಂಡು ಮತ್ತೆ ಎತ್ತಿದರು. ಈ ಸಲ ಬಂತು. 'ಎಳೀಬಾರ್ದು ಕಣವ್ವ, ಅದು ಬತ್ತೈತೆ. ನಾವು ಬರೀ ಕೈ ಕೊಡಬೇಕು' ಅಂದರು. ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮೆಷಿನ್ನು ತಗೊಳ್ಳುವುದಿಲ್ಲವಂತೆ. ಅವರು ಅದನ್ನು ಸುಮ್ನೆ ಹೇಳಿದರು, ದೂರು ಅನ್ನುವ ಹಾಗೆ ಅಲ್ಲ. ನನಗೆ ಮಾತ್ರ ಆ ಮಾತು ದಾಟಿ ಹೋಗಲು ಆಗಲಿಲ್ಲ. ಅಷ್ಟು ವರ್ಷ ಬಿಸಿನೀರಿಗೆ ಕೊಟ್ಟ ಬೆರಳು ಗುರುತು ಉಳಿಸಿಕೊಳ್ಳಲಿಲ್ಲ. ಗೆಳತಿ ಆ ಕೈಯನ್ನೇ ಕೊನೆಯ ಮುದ್ರೆಯಾಗಿ ಮಾಡಿದ್ದು ಎಷ್ಟು ಸರಿ ಅಂತ ಆಗ ತಿಳಿಯಿತು. ಯಂತ್ರ, ಹೆಂಚು, ಚಿಮಣಿಯ ಫೋಟೋ ಯಾರಾದರೂ ತೆಗೆದಿಡುತ್ತಾರೆ. ಕೈಯ ಕೆಲಸ ಕೇಳಿದವರಿಗೆ ಮಾತ್ರ ಸಿಗುತ್ತದೆ, ಕೇಳಬೇಕು ಅಂತ ಯಾರಾದರೂ ಹೇಳಿಕೊಡಬೇಕು. ಈ ಆಟ ಆ ಕೆಲಸ ಮಾಡುತ್ತದೆ. ಮಿಲ್ಲು ಉಳಿಯುತ್ತದೋ ಇಲ್ಲವೋ ಅದು ಮನೆಯವರ ತೀರ್ಮಾನ. ಆದರೆ ಅಲ್ಲಿ ಏನು ನಡೆಯುತ್ತಿತ್ತು ಅನ್ನುವುದು ಇನ್ನು ಪುಟ್ಟಿಗೆ ಗೊತ್ತು.

ಮಧ್ಯಾಹ್ನ ನಾವೂ ಒಂದು ಡಬ್ಬಿ ಇಟ್ಟೆವು. ಬೇರೆಯವರ ಡಬ್ಬಿ ಹುಡುಕಿದವರು ತಮ್ಮದೊಂದು ಇಡುವುದು ಒಳ್ಳೆಯ ಪದ್ಧತಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಜಿಪ್ಕವರಿನಲ್ಲಿ ಪುಸ್ತಕ, ಇನ್ನೊಂದು ಕವರಿನಲ್ಲಿ ಮುದ್ರೆ. ಗೆದ್ದಲಿಗೆ ಕಾಗದ ಅಂದರೆ ಪ್ರಾಣ, ಅದಕ್ಕೆ ನೆಲಕ್ಕೆ ತಾಗದ ಜಾಗವೇ ಬೇಕು. ಅಗೆಯಬಾರದು, ಗಿಡಕ್ಕೆ ಮೊಳೆ ಹೊಡೆಯಬಾರದು, ಗೋಡೆಯ ಕಲ್ಲು ಕದಲಿಸಬಾರದು. ಇಂಕ್ ಪ್ಯಾಡ್ ಒಳಗಿಟ್ಟರೆ ಬಿಸಿಲಿಗೆ ಒಣಗುತ್ತದೆ, ಬರುವವರೇ ತರಲಿ ಅಂತ ಬಿಟ್ಟೆವು. ಮುದ್ರೆ ಪುಟ್ಟಿ ಕೊರೆದದ್ದು, ಹಿಪ್ಪುನೇರಳೆ ಎಲೆ. ಎಲೆಯ ಅಂಚಿನ ಹಲ್ಲುಗಳನ್ನೂ ಬಿಡದೆ ಕೊರೆದಿದ್ದಾಳೆ.

ಮಿಲ್ಲಿನ ಹೆಸರು ಬರೆಯುವುದು ಬೇಡ ಅಂತ ಮನೆಯವರು ಹೇಳಿದ್ದಾರೆ. ಬೇಸಿಗೆ ರಜೆಯಲ್ಲಿ ಊರಿನ ಮಕ್ಕಳನ್ನು ಗುಂಪುಗುಂಪಾಗಿ ಕರೆದು ಆಡಿಸುವ ಯೋಚನೆ ಗೆಳತಿಗಿದೆ. ನಿಮ್ಮ ಊರಿನಲ್ಲೂ ಇಂಥ ಜಾಗ ಇದ್ದೇ ಇರುತ್ತದೆ. ಎಣ್ಣೆ ಗಾಣ, ಅಕ್ಕಿ ಗಿರಣಿ, ಹೆಂಚಿನ ಭಟ್ಟಿ, ಕೊಬ್ಬರಿ ಮಂಡಿ. ನಾನಂತೂ ತಿಪಟೂರಿಗೆ ಹೋದ ಮೇಲೆ ಒಂದು ಹಳೇ ಕೊಬ್ಬರಿ ಅಟ್ಟದ ಯಜಮಾನರನ್ನು ಕೇಳುವವಳಿದ್ದೇನೆ. ಡಬ್ಬಿ ಇಡುವ ಮೊದಲು ಅಲ್ಲಿ ದುಡಿದವರ ಹತ್ತಿರ ಕೂತು ಮಾತಾಡಿ. ಸುಳಿವುಗಳು ಅವರ ಮಾತಿನಲ್ಲೇ ಇರುತ್ತವೆ.

ನಾವು ಇಟ್ಟ ಡಬ್ಬಿಯ ಸುಳಿವು ಇದು, ಪುಟ್ಟಿ ಬರೆದದ್ದು, ನಾನು ಒಂದು ಅಕ್ಷರವೂ ತಿದ್ದಿಲ್ಲ:

'ಕತ್ತರಿಸುತ್ತಿದ್ದರೆ ಗಿಡ, ಮರೆತುಬಿಟ್ಟರೆ ಮರ.
ಮಿಲ್ಲು ನಿಂತ ಮೇಲೆ ಬೆಳೆದವಳು ನಾನು.
ನನ್ನ ಎಲೆ ತಿನ್ನಲು ಈಗ ಯಾರೂ ಬರುವುದಿಲ್ಲ.
ನನ್ನ ನೆರಳು ಬೆಳಿಗ್ಗೆ ಹತ್ತಕ್ಕೆ ಮುಟ್ಟುವ ಚಪ್ಪಡಿಯ ಹಿಂದೆ ನೋಡು.
ಮೊದಲು ಕೋಲು ತಟ್ಟು.'